ಪುಕ್ಕಟೆ ಮರದ ತುಂಡಿನ ನಿಜವಾದ ಬೆಲೆ

ಉಳಿ, ಅರ ಹಿಡಿಯುವುದು ಐಟಿಐ ಹುಡುಗರ ಕೆಲಸ, ನಮ್ಮದೇನಿದ್ದರೂ ಲೆಕ್ಕ ಬರೆಯುವುದು ಎಂದು ವಾಣಿಜ್ಯ ವಿಭಾಗದ ನಾವು ಅಂದುಕೊಂಡಿದ್ದೇವೆ. ಇದು ಸರಿಯಲ್ಲ. ನಾವೂ ಒಂದು ವಸ್ತುವನ್ನು ಕೈಯಾರೆ ಮಾಡಿ ನೋಡಬೇಕು. ಗಾಳ ಹಾಕುವ ಹವ್ಯಾಸ ಇರುವವರಿಗೆ ಮರದ ಲ್ಯೂರ್, ಅಂದರೆ ಹುಸಿ ಮೀನು, ಒಳ್ಳೆಯ ಆರಂಭ.

ಇದಕ್ಕೆ ದೊಡ್ಡ ಬಂಡವಾಳ ಬೇಡ. 1936ರಲ್ಲಿ ಫಿನ್‌ಲೆಂಡಿನ ಮೀನುಗಾರ ಲೌರಿ ರಾಪಾಲಾ ಕಾರ್ಕ್ ತುಂಡನ್ನು ಚಾಕುವಿನಿಂದ ಕೆತ್ತಿ, ಚಾಕೊಲೇಟಿನ ಹೊಳೆಯುವ ಕಾಗದ ಸುತ್ತಿ ತನ್ನ ಲ್ಯೂರ್ ಮಾಡಿದರು. ಮುಂದೆ ಆ ಹೆಸರು ಜಗತ್ತಿನಾದ್ಯಂತ ಮಾರಾಟವಾಯಿತು. ಬಸವಕಲ್ಯಾಣ, ಹುಮನಾಬಾದಿನ ಬಡಗಿಗಳನ್ನು ಕೇಳಿದರೆ ಹಗುರವಾದ ಒಣ ಮರದ ಚೂರು ಸಿಗುತ್ತದೆ. ಏಳೆಂಟು ಸೆಂ.ಮೀ. ಉದ್ದಕ್ಕೆ ಕೆತ್ತಿ, ಪಾಲಿಶ್ ಪೇಪರಿನಿಂದ ಉಜ್ಜಿ, ಹೊಟ್ಟೆಯಲ್ಲಿ ಸ್ವಲ್ಪ ಸೀಸ ಕೂರಿಸಬೇಕು. ನೀರು ಒಳಗೆ ಹೋಗದಂತೆ ಎರಡು ಮೂರು ಸಲ ವಾರ್ನಿಶ್ ಹಚ್ಚಬೇಕು. ಬಕೆಟ್ ನೀರಿನಲ್ಲಿ ಬಿಟ್ಟಾಗ ಪಕ್ಕಕ್ಕೆ ಮಲಗಿದರೆ ಹೊಟ್ಟೆಯ ತೂಕ ಸಾಲದು ಎಂದರ್ಥ. ಕೊಕ್ಕೆ ಹಾಕುವುದು ಎಲ್ಲಕ್ಕಿಂತ ಕೊನೆಗೆ.

ಗಿರಾಕಿ ಯಾರೆಂದು ತಿಳಿಯದೆ ಸರಕು ಮಾಡಬಾರದು ಎನ್ನುವುದು ಇಲ್ಲಿಯೂ ನಿಜ. ರೋಹು, ಕಾಟ್ಲಾ ಬೇಟೆಯಾಡುವ ಮೀನುಗಳಲ್ಲ; ಲ್ಯೂರ್ ಹಿಂದೆ ಬರುವುದಿಲ್ಲ. ಸಣ್ಣ ಮೀನು ತಿನ್ನುವ ಕೊರವ, ಅಂದರೆ ಮರಲ್, ಬರುತ್ತದೆ. ತ್ರಿಪುರಾಂತ ಕೆರೆಯಾಗಲಿ, ಕಾರಂಜಾ ಹಿನ್ನೀರಾಗಲಿ, ಮೀನಿನ ಹಕ್ಕು ಯಾರದೆಂದು ಕೇಳಿ ಒಪ್ಪಿಗೆ ಪಡೆಯಬೇಕು. ಅದು ಇನ್ನೊಬ್ಬರ ಹೊಟ್ಟೆಪಾಡಿನ ನೀರಾಗಿರಬಹುದು.

ಈಗ ಲೆಕ್ಕಕ್ಕೆ ಬರೋಣ. ಮರ ಪುಕ್ಕಟೆ, ಆದ್ದರಿಂದ ಲ್ಯೂರ್ ‘ಮುಫ್ತ್’ ಎನ್ನುತ್ತೇವೆ. ಕೆತ್ತಲು, ಉಜ್ಜಲು ಮೂರು ಗಂಟೆ ಹಿಡಿಯಿತೆನ್ನಿ. ಗಂಟೆಗೆ ಬರೀ 50 ರೂಪಾಯಿ ಹಿಡಿದರೂ ಕೂಲಿಯೇ 150 ರೂಪಾಯಿ. ಕೊಕ್ಕೆ, ವಾರ್ನಿಶ್ ಬೇರೆ. ಪರೀಕ್ಷೆಯಲ್ಲಿ ಕೂಲಿಯನ್ನು ವೆಚ್ಚಕ್ಕೆ ಸೇರಿಸುವ ನಾವು ಪೇಟೆಯಲ್ಲಿ ಅದನ್ನು ಮರೆಯುತ್ತೇವೆ. ನಮ್ಮ ಜಿಲ್ಲೆಯ ಬಿದರಿ ಕುಶಲಕರ್ಮಿ ಬೆಲೆ ಹೇಳಿದಾಗ ‘ಇಷ್ಟಕ್ಕೆ ಇಷ್ಟೊಂದಾ?’ ಎಂದು ಚೌಕಾಸಿ ಮಾಡುತ್ತೇವೆ. ಸತು, ತಾಮ್ರ, ಬೆಳ್ಳಿಯ ಬೆಲೆ ನಮಗೆ ಕಾಣುತ್ತದೆ, ಅವರು ಬಗ್ಗಿ ಕೂತ ದಿನಗಳು ಕಾಣುವುದಿಲ್ಲ. ಬೆರಳು ನೋಯುವವರೆಗೆ ಒಂದು ಮರದ ಮೀನನ್ನು ಉಜ್ಜಿದವರು ಹಾಗೆ ಕೇಳಲಾರರು.

ಅದಕ್ಕಾಗಿ ನಮ್ಮ ವಾಣಿಜ್ಯ ಸಂಘಕ್ಕೆ ಒಂದು ಮನವಿ. ತಿಂಗಳಿಗೆ ಒಂದು ಶನಿವಾರ ಒಂದು ಮೇಜು, ನಾಲ್ಕು ಅರ, ಒಬ್ಬ ಬಡಗಿಯನ್ನು ಒದಗಿಸಿ. ಹುಡುಗಿಯರಿಗೂ ಅಲ್ಲಿ ಜಾಗವಿರಲಿ. ಆ ದಿನದ ಕೂಲಿಯನ್ನು ಬಡಗಿಗೆ ಪೂರ್ತಿ ಕೊಡಿ. ನಮ್ಮ ಮೊದಲ ಪಾಠ ಅಲ್ಲಿಂದಲೇ ಶುರುವಾಗಲಿ.