ಜಗದೇವನಿಗೊಬ್ಬ ಪ್ರೇಯಸಿ ಯಾಕೆ ಬೇಕು?

ಹನ್ನೆರಡನೆಯ ಶತಮಾನದ ಕಲ್ಯಾಣದ ಮೇಲೆ ಪಿಎಚ್.ಡಿ ಮಾಡುತ್ತಿದ್ದೇನೆ ಎಂದು ಹೇಳಿದರೆ ಕಾಯಕ, ದಾಸೋಹಗಳ ಬಗ್ಗೆ ಕೇಳುವವರು ಕಡಿಮೆ. ಬಿಜ್ಜಳನನ್ನು ಕೊಂದವನ ಬಗ್ಗೆ ಕೇಳುವವರೇ ಹೆಚ್ಚು. ಅವರಲ್ಲಿಯೂ ಅರ್ಧ ಜನರಿಗೆ ಬೇಕಾದದ್ದು ಒಂದೇ: ಜಗದೇವನಿಗೆ ಯಾರಾದರೂ ಇದ್ದಳೇ? ಕಿರುಚಿತ್ರ ಮಾಡಹೊರಟ ಹುಡುಗರು ಕೇಳಿದ್ದಾರೆ, ಪಾಠ ಹೇಳುವ ಮೇಷ್ಟ್ರುಗಳೂ ಕೇಳಿದ್ದಾರೆ. ಇಲ್ಲ, ಯಾವ ಮೂಲದಲ್ಲೂ ಇಲ್ಲ ಎಂದರೆ ಮುಖ ಸಪ್ಪಗಾಗುತ್ತದೆ. "ಒಬ್ಬ ರಾಜನ ಕೊಲೆ ಆಗ್ಯಾದ ಅಂದ್ರ ಹಿಂದೊಂದು ಹೆಣ್ಣು ಇರಲಾರದೇನ್ರಿ ಮೇಡಂ?"

ನನ್ನೂರು ಹುಮನಾಬಾದ ತಾಲ್ಲೂಕಿನ ಹುಡಗಿ. ಅರ್ಜಿಗಳಲ್ಲಿ ಊರಿನ ಹೆಸರು ಬರೆದರೆ ದಕ್ಷಿಣದ ಕಡೆಯವರು ಅದನ್ನು 'ಹುಡುಗಿ' ಎಂದು ತಿದ್ದಿ ಕೊಡುತ್ತಾರೆ. ಹುಡುಗಿ ಇಲ್ಲದ ಕಡೆ ಒಬ್ಬಳನ್ನು ಕೂರಿಸುವ ಈ ಚಾಳಿ ಕಾಗುಣಿತಕ್ಕೆ ಮಾತ್ರ ಸೀಮಿತವಾಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಮೊದಲು ಇರುವುದೇನು ನೋಡೋಣ. ಬಿಜ್ಜಳ ಕಲಚುರಿ ಮನೆತನದವನು. ಚಾಲುಕ್ಯರ ಮಾಂಡಲಿಕನಾಗಿದ್ದು ಅವರ ಸಿಂಹಾಸನವನ್ನೇ ಕಿತ್ತುಕೊಂಡವನು. ಹಾಗಾಗಿ ಅವನಿಗೆ ಶತ್ರುಗಳ ಕೊರತೆ ಇರಲಿಲ್ಲ. 1167-68ರ ಹೊತ್ತಿಗೆ ಅವನ ಆಳ್ವಿಕೆ ಮುಗಿದು ಮಗ ಸೋವಿದೇವ ಪಟ್ಟಕ್ಕೆ ಬರುತ್ತಾನೆ. ಬಿಜ್ಜಳ ತಾನಾಗಿಯೇ ಮಗನಿಗೆ ರಾಜ್ಯ ಒಪ್ಪಿಸಿದನೆಂದು ಶಾಸನಗಳ ಆಧಾರದ ಮೇಲೆ ವಾದಿಸಿದವರಿದ್ದಾರೆ. ಕೊಲೆಯ ಕಥೆಯನ್ನು ವಿವರವಾಗಿ ಹೇಳುವುದು ಪುರಾಣಗಳು. ಹದಿಮೂರನೆಯ ಶತಮಾನದ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, ಅದರ ಜಾಡಿನಲ್ಲಿ 1369ರಲ್ಲಿ ಭೀಮಕವಿ ಬರೆದ ಕನ್ನಡ ಬಸವಪುರಾಣ ಇವುಗಳಲ್ಲಿ ಮುಖ್ಯವಾದವು. ಕೊಂದವನು ಜಗದೇವ. ಜೊತೆಗಿದ್ದವರು ಮಲ್ಲಯ್ಯ, ಬೊಮ್ಮಯ್ಯ ಎಂದು ಒಂದು ಕಡೆ, ಮಲ್ಲಿಬೊಮ್ಮ ಎಂಬ ಒಬ್ಬನೇ ಎಂದು ಇನ್ನೊಂದು ಕಡೆ. ಕೊಲೆಗಾರರು ಇಬ್ಬರೋ ಮೂವರೋ ಎಂಬುದೇ ಇತ್ಯರ್ಥವಾಗದ ಪ್ರಕರಣದಲ್ಲಿ ನಾವು ಪ್ರೇಮಪತ್ರ ಹುಡುಕುತ್ತಿದ್ದೇವೆ!

ಹಾಗೆಂದು ಜಗದೇವನ ಕಥೆಯಲ್ಲಿ ಹೆಣ್ಣೇ ಇಲ್ಲ ಎಂದಲ್ಲ. ಒಬ್ಬಳಿದ್ದಾಳೆ, ಅವನ ತಾಯಿ. ಶರಣರ ಕಣ್ಣು ಕೀಳಿಸಿದ ರಾಜನನ್ನು ಕೊಲ್ಲುವ ಹೊಣೆ ಹೊತ್ತವನು ಅದನ್ನು ಮರೆತು ಮನೆಯಲ್ಲಿ ಉಣ್ಣಲು ಕೂತಿದ್ದಾಗ ತಾಯಿ ಅವನನ್ನು ಜರೆದು ಎಬ್ಬಿಸುತ್ತಾಳೆ. ಕೊಲೆಗಾರನ ಖಾಸಗಿ ಬದುಕು ಎಂದು ಪರಂಪರೆ ನಮಗೆ ಕೊಟ್ಟಿರುವುದು ಹೆಚ್ಚುಕಡಿಮೆ ಇಷ್ಟೇ: ಒಂದು ಊಟ, ಒಬ್ಬ ತಾಯಿ, ಒಂದು ಬೈಗುಳ. ನನಗಂತೂ ಇದು ಯಾವ ಪ್ರೇಮಕಥೆಗಿಂತಲೂ ಭಯ ಹುಟ್ಟಿಸುತ್ತದೆ. ಕೊಲ್ಲಲಿಲ್ಲವೆಂದು ಮಗನನ್ನು ಹೀಯಾಳಿಸುವ ಆ ತಾಯಿ ಯಾರು, ಅವಳ ಮನೆಯಲ್ಲಿ ಆ ದಿನ ಏನಾಗಿತ್ತು? ಯಾರೂ ಕೇಳುವುದಿಲ್ಲ. ಅವಳು ಪ್ರೇಯಸಿಯಲ್ಲವಲ್ಲ.

ಪ್ರೇಯಸಿಯನ್ನು ತರುವ ಕೆಲಸ ಇಂದಿನದಲ್ಲ. ಧರಣಿಪಂಡಿತನ ಬಿಜ್ಜಳರಾಯಚರಿತೆ ಎಂಬ ಜೈನ ಮೂಲದ ಕಾವ್ಯವಿದೆ. ಅದರ ಪ್ರಕಾರ ಬಸವಣ್ಣನ ತಂಗಿ ಪದ್ಮಾವತಿ ಎಂಬ ಚೆಲುವೆಗೆ ಬಿಜ್ಜಳ ಮರುಳಾಗುತ್ತಾನೆ, ಅವಳಿಂದಾಗಿಯೇ ಬಸವಣ್ಣ ಮೇಲೇರುತ್ತಾನೆ. ಕೊನೆಗೆ ರಾಜ ಸಾಯುವುದೂ ಕತ್ತಿಯಿಂದಲ್ಲ, ಭೀಮಾ ನದಿಯ ಬೀಡಿನಲ್ಲಿ ಕೊಟ್ಟ ವಿಷದ ಹಣ್ಣಿನಿಂದ. ಶರಣರ ಪರಂಪರೆ ಬಲ್ಲ ಅಕ್ಕ ನಾಗಮ್ಮ, ಅವಳ ಹೆಸರಿನ ವಚನಗಳು, ಇವು ಯಾವುವೂ ಆ ಕಥೆಗೆ ಬೇಕಿಲ್ಲ. ಒಂದು ಚಳವಳಿಯನ್ನು ಹಾಸಿಗೆಯ ವ್ಯವಹಾರವಾಗಿ ಇಳಿಸಿಬಿಟ್ಟರೆ ಅದರ ಜೊತೆ ವಾದ ಮಾಡುವ ಕಷ್ಟ ಇರುವುದಿಲ್ಲ. 1793ರಲ್ಲಿ ಪ್ಯಾರಿಸ್ಸಿನಲ್ಲಿ ಮಾರಾನನ್ನು ಇರಿದು ಕೊಂದ ಶಾರ್ಲಟ್ ಕಾರ್ಡೇಯ ತಲೆ ಕಡಿದ ಮೇಲೆ, ಅವಳು ಕನ್ಯೆಯೇ ಎಂದು ಹೆಣವನ್ನು ಪರೀಕ್ಷೆ ಮಾಡಿಸಿದರೆಂಬ ಮಾತಿದೆ. ಹೆಣ್ಣೊಬ್ಬಳು ರಾಜಕೀಯ ಕಾರಣಕ್ಕೆ ಕೊಲ್ಲಬಲ್ಲಳೆಂದು ಒಪ್ಪಲಾರದವರು ಹಿಂದೊಬ್ಬ ಗಂಡಸನ್ನು ಹುಡುಕಿದರು. ನಾವು ಜಗದೇವನ ಹಿಂದೆ ಹೆಣ್ಣನ್ನು ಹುಡುಕುತ್ತೇವೆ, ಅಷ್ಟೇ ವ್ಯತ್ಯಾಸ.

ಸಾಹಿತ್ಯಕ್ಕೆ ಕಲ್ಪಿಸುವ ಹಕ್ಕಿಲ್ಲವೇ ಎಂದು ಗೆಳೆಯರು ಜಗಳಕ್ಕೆ ಬರುತ್ತಾರೆ. ಇದೆ, ಪೂರ್ತಿ ಇದೆ. ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿಯನ್ನು ಅಕ್ಕ ನಾಗಮ್ಮನ ಚಿತ್ರಣದ ನೆಪದಲ್ಲಿ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿದ್ದು, 2007ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು, ಎರಡೂ ನನ್ನ ಪ್ರಕಾರ ತಪ್ಪು. ಪುಸ್ತಕಕ್ಕೆ ಉತ್ತರ ಪುಸ್ತಕವೇ. ಕಾರ್ನಾಡರು 'ತಲೆದಂಡ'ದಲ್ಲಿ ಜಗದೇವನಿಗೆ ಅಪ್ಪ, ಅವ್ವ, ಹೆಂಡತಿ ಎಲ್ಲರನ್ನೂ ಕೊಟ್ಟರು. ಆದರೆ ಆ ಮನೆ ಏನು ಮಾಡುತ್ತದೆ ನೋಡಿ. ಒಳಗೆ ಅಪ್ಪ ಸಾಯುತ್ತಿದ್ದಾನೆ, ಮಗ ಚಮ್ಮಾರರ ಹುಡುಗ ಮಲ್ಲಿಬೊಮ್ಮನನ್ನು ಅಗ್ರಹಾರದ ಆ ಮನೆಯೊಳಕ್ಕೆ ಕರೆಯುತ್ತಾನೆ. ಒಂದು ಹೊಸ್ತಿಲಲ್ಲಿ ಇಡೀ ಕಲ್ಯಾಣ ನಿಂತಿದೆ. ಲಂಕೇಶರ 'ಸಂಕ್ರಾಂತಿ'ಯಲ್ಲಂತೂ ಪ್ರೇಮವೇ ನಡುಮನೆಯಲ್ಲಿದೆ: ಬ್ರಾಹ್ಮಣರ ಉಷಾ, ಹೊಲಗೇರಿಯ ರುದ್ರ. ಶರಣನಾಗಿ ತಿದ್ದಿಕೊಂಡ ರುದ್ರ ಅವಳಿಗೆ ಬೇಡ, ಮೊದಲಿನ ರುದ್ರನೇ ಬೇಕು. ಇಂಥ ಕಲ್ಪನೆ ಪ್ರಶ್ನೆಯನ್ನು ದೊಡ್ಡದು ಮಾಡುತ್ತದೆ. ಕೊಲೆಗಾರನಿಗೊಂದು ಲವ್ ಸ್ಟೋರಿ ಹೊಲಿಯುವುದು ಪ್ರಶ್ನೆಯನ್ನೇ ನುಂಗುತ್ತದೆ. ಅವನು ಯಾಕೆ ಕೊಂದ, ಕೊಂದು ಏನು ಸಾಧಿಸಿದ, ಅವನ ಕತ್ತಿಯ ನಂತರ ಕಲ್ಯಾಣದಿಂದ ಊರು ಬಿಟ್ಟು ಓಡಿದವರ ಗತಿ ಏನು? ಪ್ರೇಮಭಂಗವಾಗಿತ್ತು ಪಾಪ ಎಂದರೆ ಇವೆಲ್ಲ ಮುಗಿದುಹೋಗುತ್ತವೆ. ಕೊಲೆಗಾರ ನಾಯಕನಾಗುವುದು ಹೀಗೆಯೇ, ಹಿನ್ನೆಲೆ ಸಂಗೀತದ ಸಹಾಯದಿಂದ.

ಇದರಲ್ಲಿ ನನಗೆ ಹೆಚ್ಚು ಸಿಟ್ಟು ಬರಿಸುವುದು ಬೇರೆಯೇ. ಈ ಕಥೆಯಲ್ಲಿ ಗಂಡು ಹೆಣ್ಣಿನ ಸಂಬಂಧವೊಂದು ನಿಜಕ್ಕೂ ಕಣ್ಣೆದುರಿಗೇ ಇದೆ. ಸಮಗಾರ ಹರಳಯ್ಯನ ಮಗ, ಬ್ರಾಹ್ಮಣ ಮಧುವರಸನ ಮಗಳು. ನಂತರದ ಪುರಾಣಗಳು ವಿಸ್ತರಿಸಿ ಹೇಳುವ ಈ ಮದುವೆಗೇ ಹರಳಯ್ಯ ಮಧುವರಸರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಲಾಯಿತು ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಜಗದೇವನ ಕತ್ತಿ ಬಂದದ್ದು ಅದರ ನಂತರ. ಹುಡುಗನ ಹೆಸರು ಶೀಲವಂತ ಎಂದು ಎಲ್ಲರೂ ಹೇಳುತ್ತಾರೆ. ಹುಡುಗಿಯ ಹೆಸರು? ಒಬ್ಬರಲ್ಲಿ ಲಾವಣ್ಯ, ಇನ್ನೊಬ್ಬರಲ್ಲಿ ಕಲಾವತಿ. ಜಾತಿ ಮೀರಿ ಮದುವೆಯಾದವರನ್ನು ಹೆತ್ತವರೇ ಕೊಂದ ಸುದ್ದಿ ಇವತ್ತಿಗೂ 'ಮರ್ಯಾದೆಗೇಡು ಹತ್ಯೆ' ಎಂಬ ತಲೆಬರಹದಡಿ ನಮ್ಮ ಪತ್ರಿಕೆಗಳಲ್ಲಿ ಬರುತ್ತದೆ. ಅಂಥ ಕಾಲದಲ್ಲಿ ಮಗಳ ಮದುವೆಗಾಗಿ ಸತ್ತ ಅಪ್ಪನ ಕಥೆ ನಮ್ಮಲ್ಲಿದೆ, ಆ ಮಗಳ ಹೆಸರು ಮಾತ್ರ ನಮಗೆ ನೆಟ್ಟಗೆ ಗೊತ್ತಿಲ್ಲ. ಜಗದೇವನ ಪ್ರೇಯಸಿಗೆ ಹೆಸರಿಡುವ ಮೊದಲು ಇವಳನ್ನು ಕೇಳಿ. ಆ ಮದುವೆಗೆ ಅವಳ ಒಪ್ಪಿಗೆಯನ್ನು ಯಾರಾದರೂ ಪಡೆದಿದ್ದರೇ? ಅಪ್ಪನನ್ನೂ ಮಾವನನ್ನೂ ಕಲ್ಯಾಣದ ಬೀದಿಯಲ್ಲಿ ಎಳೆದ ದಿನ ಅವಳು ಎಲ್ಲಿ, ಯಾರ ಮನೆಯಲ್ಲಿ ಅಡಗಿದ್ದಳು?