ನಡುಗುವ ದನಿಯಲ್ಲೇ ಮಾತಾಡೋಣ

ಸಂಘಕ್ಕೆ ಸೇರಿದ ಹೊಸದರಲ್ಲಿ "ನಿಮ್ಮ ಹೆಸರು ಹೇಳಿ" ಎಂದಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಪಕ್ಕದವಳ ಬೆನ್ನ ಹಿಂದೆ ಸರಿದಿದ್ದೆ. ನನ್ನ ಹೆಸರನ್ನು ಅವಳೇ ಹೇಳಿದಳು. ನಮ್ಮ ಮಂಡಕಳ್ಳಿಯ ಸ್ವಸಹಾಯ ಸಂಘದಲ್ಲಿ ಹೀಗೆ ಕೈಕಾಲು ನಡುಗದ, ಗಂಟಲು ಒಣಗದ ಹೆಂಗಸು ಒಬ್ಬಳೂ ಇರಲಿಲ್ಲ.

ಇದನ್ನು ನಾಚಿಕೆ ಎನ್ನುತ್ತಾರೆ. ನಾಚಿಕೆ ಹೆಣ್ಣಿಗೆ ಭೂಷಣ ಎಂದು ಹೊಗಳುತ್ತಾರೆ ಕೂಡ. ಆದರೆ ಇದೇ ಹೆಂಗಸರು ನಲ್ಲಿಯ ಹತ್ತಿರ, ಕಳೆ ಕೀಳುವಾಗ, ಸಂತೆಯಲ್ಲಿ ಚೌಕಾಸಿ ಮಾಡುವಾಗ ಎಷ್ಟು ಚೆನ್ನಾಗಿ ಮಾತಾಡುತ್ತಾರೆ! ನಾವು ಮಾತು ಬಾರದವರಲ್ಲ, ಮಾತಾಡಿದರೆ ಏನಾಗುತ್ತದೆಂದು ಬಲ್ಲವರು. ಚಿಕ್ಕಂದಿನಲ್ಲಿ 'ಬಾಯಿಬಡುಕಿ' ಎನಿಸಿಕೊಂಡದ್ದು, ಮದುವೆಯಾದ ಮೇಲೆ 'ಎದುರುತ್ತರ ಕೊಡ್ತೀಯಾ' ಎಂದು ಬಿದ್ದ ಏಟು ಮೈಯಲ್ಲಿ ಉಳಿದಿವೆ. ಮನೆಯಲ್ಲಿ ಕಲಿತ ಆ ಭಯವೇ ಸಭೆಯಲ್ಲಿ ಗಂಟಲು ಹಿಡಿಯುತ್ತದೆ. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದರೆ ಸಾಕು ಎನ್ನುವವರಿಗೆ ಇದು ಗೊತ್ತಿಲ್ಲ.

ಕರ್ನಾಟಕದಲ್ಲಿ 1987ರ ಚುನಾವಣೆಯಲ್ಲೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಲ್ಲಿ ಶೇ. 25ರಷ್ಟು ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. 2010ರಲ್ಲಿ ಪಂಚಾಯಿತಿಗಳ ಮೀಸಲಾತಿ ಶೇ. 50ಕ್ಕೆ ಏರಿತು. ಕುರ್ಚಿಯೇನೋ ಸಿಕ್ಕಿತು. ಆದರೆ ಎಷ್ಟೋ ಕಡೆ ಹೆಂಡತಿ ಕುರ್ಚಿಯಲ್ಲಿ ಕೂತಳು, ಗಂಡ ಮಾತಾಡಿದ. ದನಿಯನ್ನು ಯಾವ ಕಾನೂನೂ ತಂದುಕೊಡುವುದಿಲ್ಲ. ಅದನ್ನು ನಾವೇ ಒಬ್ಬರಿಗೊಬ್ಬರು ಕೊಟ್ಟುಕೊಳ್ಳಬೇಕು.

ನಾವು ಮಾಡಿದ್ದು ದೊಡ್ಡ ಕೆಲಸವೇನಲ್ಲ. ವಾರಕ್ಕೊಬ್ಬರಂತೆ ಎದ್ದು ನಿಂತು ಉಳಿತಾಯದ ಲೆಕ್ಕ ಹೇಳಬೇಕು. ಓದಲು ಬಾರದವರು ಬಾಯಿಲೆಕ್ಕ ಹೇಳಲಿ. ಆಮೇಲೆ ಪ್ರತಿಯೊಬ್ಬರೂ ತಮ್ಮ ವಾರ ಹೇಗಿತ್ತೆಂದು ಎರಡು ಮಾತು ಹೇಳಬೇಕು. ಮಧ್ಯೆ ಬಾಯಿ ಹಾಕುವಂತಿಲ್ಲ, ನಗುವಂತಿಲ್ಲ. ಮಾತು ನಿಂತರೆ ಕಾಯಬೇಕು. ಕೆಲವು ತಿಂಗಳಾದ ಮೇಲೆ ಬೀದಿದೀಪದ ವಿಚಾರಕ್ಕೆ ಕರೆದ ಸಭೆಯಲ್ಲಿ ನಾನು ಎದ್ದು ನಿಂತೆ. ಹಿಂದೆ ನಮ್ಮವರು ಐದು ಜನ ನಿಂತಿದ್ದರು. ಚೀಟಿಯಲ್ಲಿ ಬರೆದುಕೊಂಡದ್ದು ಮೂರೇ ಮಾತು. ದನಿ ನಡುಗಿತು, ಗಂಡಸರು ಯಾರೋ ನಕ್ಕರು. ಮೂರನ್ನೂ ಹೇಳಿಯೇ ಕೂತೆ.

ಒಂದು ವಾರ ಲೆಕ್ಕ ಹೇಳುವ ಸರದಿ ನಮ್ಮ ಒಬ್ಬ ಗೆಳತಿಯದು. ಅವಳು ಪುಸ್ತಕ ತೆರೆಯಲೇ ಇಲ್ಲ. ರವಿಕೆಯ ತೋಳು ಸರಿಸಿ ಬಾಸುಂಡೆ ತೋರಿಸಿ, "ತೌರಿನಿಂದ ಇನ್ನೂ ದುಡ್ಡು ತಾ ಅಂತಾರೆ" ಎಂದಳು. ನಮಗೆಲ್ಲ ಗೊತ್ತಿದ್ದ ಸಂಗತಿಯೇ. ಯಾರೂ ಆಡದೆ ಇದ್ದುದರಿಂದ ಅದು ಅವಳೊಬ್ಬಳ ಹಣೆಬರಹವಾಗಿತ್ತು. ಅಂದಿನಿಂದ ನಮ್ಮೆಲ್ಲರ ವಿಚಾರವಾಯಿತು. ದೂರು ಕೊಡಲು ಹೋದಾಗ ಇಬ್ಬರು ಜೊತೆಗಿದ್ದೆವು. ಮಾತಾಡಿದವಳು ಮಾತ್ರ ಅವಳೇ.

'ಮನೆ ಮಾತು ಬೀದಿಗೆ ತರಬಾರದು' ಎಂದು ಹಿರಿಯರು ಹೇಳುತ್ತಾರೆ. ಏಟಿನ ಸದ್ದು ಬೀದಿಗೆ ಕೇಳಿಸಬಹುದು, ಅಳು ಮಾತ್ರ ಕೇಳಿಸಬಾರದೇ? ಹಾಗೆಂದು ಹೊಡೆತ ತಿನ್ನುವವಳನ್ನು 'ಎಲ್ಲರೆದುರು ಹೇಳು' ಎಂದು ಬಲವಂತ ಮಾಡುವುದೂ ತಪ್ಪು. ಮನೆಗೆ ಹೋದ ಮೇಲೆ ಏಟು ಹೆಚ್ಚಾದೀತು. ಯಾವಾಗ, ಯಾರೆದುರು ಹೇಳಬೇಕೆಂದು ಅವಳೇ ತೀರ್ಮಾನಿಸಲಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ, ಹಿಂಸೆ ನಡೆಯುತ್ತಿದೆ ಎಂದು ತಿಳಿದ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಅವಳು ಬಯಸಿದರೆ ನ್ಯಾಯಾಲಯದಲ್ಲೂ ಮುಚ್ಚಿದ ಬಾಗಿಲೊಳಗೆ ವಿಚಾರಣೆ ನಡೆಸಲು ಅವಕಾಶವಿದೆ. 181ಕ್ಕೆ ಫೋನ್ ಮಾಡಿಯೂ ಸಹಾಯ ಕೇಳಬಹುದು.

ಗೆಳತಿಯರೇ, ಭಯ ಪೂರ್ತಿ ಹೋದ ಮೇಲೆ ಮಾತಾಡೋಣವೆಂದು ಕಾದರೆ ಮುಪ್ಪು ಬಂದೀತು. ನನ್ನ ಕಾಲು ಇವತ್ತಿಗೂ ನಡುಗುತ್ತದೆ. ಮುಂದಿನ ವಾರದ ಸಭೆಯಲ್ಲಿ ಮೂಲೆಯಲ್ಲಿ ಕೂತಿರುವವಳಿಗೆ ಲೆಕ್ಕದ ಪುಸ್ತಕ ಕೊಡಿ. ಅವಳ ಹೆಸರನ್ನು ಅವಳೇ ಹೇಳಲಿ. ತಡವಾದರೆ ಕಾಯೋಣ.