ಕುದಿಸಿದರೂ ಹೋಗದ ವಿಷ



ಹಾಲಿನ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಒಂದು ಗಟ್ಟಿ ನಂಬಿಕೆ ಇದೆ. ಏನೇ ಇದ್ದರೂ ಚೆನ್ನಾಗಿ ಕಾಯಿಸಿದರೆ ಸರಿಹೋಗುತ್ತದೆ ಎಂಬುದು. ಇದು ಒಳ್ಳೆಯ ನಂಬಿಕೆಯೇ, ಬಿಡಬೇಕಾಗಿಲ್ಲ. ಕ್ಷಯ, ಟೈಫಾಯಿಡ್, ಭೇದಿ, ದನದಿಂದ ಮನುಷ್ಯರಿಗೆ ಬರುವ ಬ್ರೂಸೆಲ್ಲಾ ಜ್ವರ, ಇವುಗಳ ರೋಗಾಣುಗಳೆಲ್ಲ ಹಾಲು ಉಕ್ಕಿ ಬರುವಷ್ಟು ಕಾದರೆ ಸಾಯುತ್ತವೆ. ಹಸಿ ಹಾಲು ಕುಡಿಯಬೇಡಿ ಎಂದು ವೈದ್ಯರು ಹೇಳುವುದು ಇದಕ್ಕೇ. ಆದರೆ ರೋಗಾಣು ಬೇರೆ, ವಿಷ ಬೇರೆ. ರೋಗಾಣುವಿಗೆ ಜೀವ ಇದೆ, ಬಿಸಿ ತಾಗಿದರೆ ಸಾಯುತ್ತದೆ. ವಿಷಕ್ಕೆ ಜೀವವೇ ಇಲ್ಲದ ಮೇಲೆ ಸಾಯುವುದೇನು? ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಎಷ್ಟು ಹೊತ್ತು ಒಲೆಯ ಮೇಲಿಟ್ಟರೂ ಹಾಲಿನಲ್ಲಿ ಉಳಿಯುತ್ತದೆ, ಮೊಸರಿಗೂ ದಾಟುತ್ತದೆ. ಅದನ್ನು ತಡೆಯುವ ಜಾಗ ಅಡುಗೆಮನೆಯಲ್ಲ. ಕಣ, ಗಾಣ ಮತ್ತು ಕೊಟ್ಟಿಗೆ.

ಈ ಮಾತು ಯಾಕೆ ಬಂತೆಂದರೆ, ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರಲ್ಲಿ ದೇಶದ 1,103 ಪಟ್ಟಣ, ನಗರಗಳಲ್ಲಿ ಮಾರಾಟವಾಗುವ ಹಾಲನ್ನು ಪರೀಕ್ಷೆ ಮಾಡಿಸಿತು. ಒಟ್ಟು 6,432 ಮಾದರಿಗಳು. ಫಲಿತಾಂಶ 2019ರ ಅಕ್ಟೋಬರಿನಲ್ಲಿ ಹೊರಬಂತು. ಹಾಲಿನ ಕಲಬೆರಕೆ ಎಂದರೆ ನಮಗೆ ತಕ್ಷಣ ನೆನಪಾಗುವುದು ಯೂರಿಯಾ, ಸೋಪಿನ ಪುಡಿ. ಚಹದ ಅಂಗಡಿಯಲ್ಲಿ ಕುಳಿತರೆ ಅದೇ ಮಾತು. ಆದರೆ ಅಂಥ ಕಲಬೆರಕೆಯಿಂದ ಅಪಾಯಕಾರಿಯಾಗಿದ್ದ ಮಾದರಿಗಳು ದೇಶಕ್ಕೆಲ್ಲ ಸೇರಿ ಹನ್ನೆರಡು. ಅಫ್ಲಾಟಾಕ್ಸಿನ್ ಮಿತಿಮೀರಿದ್ದ ಮಾದರಿಗಳು 368. ಅವುಗಳಲ್ಲಿ ತಮಿಳುನಾಡಿನವು 88. ಈ ರಾಜ್ಯದಲ್ಲಿ ತೆಗೆದ ಮಾದರಿಗಳು 551 ಎಂದ ಮೇಲೆ ನೂರಕ್ಕೆ ಹದಿನಾರರಷ್ಟಾಯಿತು. ಎಣಿಕೆಯಲ್ಲಿ ದೇಶಕ್ಕೇ ಮೊದಲು ನಾವು; ದೆಹಲಿ, ಕೇರಳ ನಮ್ಮ ಹಿಂದೆ. ಹಸಿ ಹಾಲಿಗಿಂತ ಸಂಸ್ಕರಿಸಿದ ಹಾಲಿನಲ್ಲಿ ಈ ದೋಷ ಹೆಚ್ಚಾಗಿ ಕಂಡುಬಂತು ಎಂಬುದೂ ಗಮನಾರ್ಹ. ಪ್ಯಾಕೆಟ್ ಹಾಲು ಕೊಂಡವರು ಪಾರಾದರು ಎಂದೇನೂ ಇಲ್ಲ.

ಇದನ್ನು ಓದಿ ಯಾರೂ ಮಕ್ಕಳಿಗೆ ಹಾಲು ನಿಲ್ಲಿಸಬಾರದು. ಒಂದು ಲೋಟ ಹಾಲಿನಿಂದ ಏನೂ ಆಗುವುದಿಲ್ಲ. ಈ ವಿಷದ ಸ್ವಭಾವವೇ ಬೇರೆ. ದಿನದಿನವೂ ಸ್ವಲ್ಪಸ್ವಲ್ಪವಾಗಿ ವರ್ಷಗಟ್ಟಲೆ ಒಳಗೆ ಹೋದಾಗ ಅದು ಯಕೃತ್ತಿನ ಕ್ಯಾನ್ಸರಿಗೆ ದಾರಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾಗಿರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಹೆಪಟೈಟಿಸ್ ಬಿ ಎಂಬ ಕಾಮಾಲೆ ಸೋಂಕು ಮೈಯಲ್ಲಿ ಉಳಿದವರಿಗೆ ಅಪಾಯ ಹಲವು ಪಟ್ಟು. ಹುಟ್ಟಿದ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆಪಟೈಟಿಸ್ ಬಿ ಲಸಿಕೆ ಉಚಿತವಾಗಿ ಸಿಗುತ್ತದೆ. ತಾಯಂದಿರು ಅದನ್ನು ತಪ್ಪಿಸಬಾರದು.

ಇದು ಬಂದದ್ದಾದರೂ ಎಲ್ಲಿಂದ? 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಲವೇ ತಿಂಗಳಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟು ಟರ್ಕಿ ಕೋಳಿಗಳು ಸತ್ತವು. ರೋಗ ಯಾವುದೆಂದು ತಿಳಿಯದೆ ಅದಕ್ಕೆ ‘ಎಕ್ಸ್’ ಎಂದೇ ಹೆಸರಿಟ್ಟರು. ಕೊನೆಗೆ ಸಿಕ್ಕಿಬಿದ್ದದ್ದು ಬ್ರೆಜಿಲ್ ದೇಶದಿಂದ ತರಿಸಿದ್ದ ಕಡಲೆಕಾಯಿ ಹಿಂಡಿ. ಹಿಂಡಿಯಲ್ಲಿ ಅಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಹಳದಿ ಹಸಿರು ಬೂಷ್ಟು ಬೆಳೆದಿತ್ತು. ಆ ಹೆಸರನ್ನೇ ಕತ್ತರಿಸಿ ಜೋಡಿಸಿ ಅಫ್ಲಾಟಾಕ್ಸಿನ್ ಎಂದರು. ನಮ್ಮ ದೇಶದಲ್ಲಿ ಇದರ ಘೋರರೂಪ ಕಂಡದ್ದು 1974ರಲ್ಲಿ. ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಅಕಾಲ ಮಳೆಗೆ ನೆನೆದ ಮೆಕ್ಕೆಜೋಳವನ್ನು ಬಡ ಕುಟುಂಬಗಳು ಬೇರೆ ದಾರಿಯಿಲ್ಲದೆ ತಿಂದವು. 397 ಜನಕ್ಕೆ ಕಾಮಾಲೆ ಹತ್ತಿ 106 ಜನ ತೀರಿಹೋದರು. ಅದೇ ಊಟ ತಿಂದ ಮನೆಯ ನಾಯಿಗಳೂ ಸತ್ತವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಹೋಗಿ ನೋಡಿ ಕಾಳನ್ನು ಪರೀಕ್ಷಿಸಿದಾಗ ಕಾರಣ ಬಯಲಾಯಿತು.

ನಮ್ಮಲ್ಲಿ ಅಂಥದ್ದು ಆಗಿಲ್ಲವಲ್ಲ ಎನ್ನಬಹುದು. ಆಗಿಲ್ಲ ನಿಜ. ಆದರೆ ನಮ್ಮ ಬೆಳೆಯ ಕಾಲವನ್ನು ಸ್ವಲ್ಪ ಯೋಚಿಸಿ. ಧರ್ಮಪುರಿ, ಸೇಲಂ ಕಡೆಯ ಮಾನಾವಾರಿ ಭೂಮಿಯಲ್ಲಿ ಕಡಲೆಕಾಯಿ ಬಿತ್ತುವುದು ಆಡಿಯ ಮಳೆಗೆ. ಕಾಯಿ ಬಲಿಯುವ ಹೊತ್ತಿಗೆ ಎಷ್ಟೋ ವರ್ಷ ಮಳೆ ಕೈಕೊಡುತ್ತದೆ. ನೆಲ ಕಾದು ಬಿರುಕು ಬಿಡುತ್ತದೆ. ಕಟಾವಿಗೆ ಮೊದಲಿನ ಮೂರರಿಂದ ಆರು ವಾರ ಹೀಗೆ ಒಣಗಿದರೆ ಮಣ್ಣಿನಲ್ಲಿರುವ ಆ ಬೂಷ್ಟು ಕಾಯಿಯೊಳಗೆ ಇಳಿಯುವುದಕ್ಕೆ ತಕ್ಕ ಕಾಲ. ಹಾಗೂ ಹೀಗೂ ಕಿತ್ತು ಕಣಕ್ಕೆ ಹಾಕುವಷ್ಟರಲ್ಲಿ ಅಕ್ಟೋಬರ್. ಈಶಾನ್ಯ ಮಳೆ ಹಿಡಿದುಕೊಳ್ಳುತ್ತದೆ, ಒಣಗಿಸಲು ಬಿಸಿಲಿಲ್ಲ. ಬೇಕಾದಾಗ ನೀರಿಲ್ಲ, ಬೇಡವಾದಾಗ ನೀರು. ಬೂಷ್ಟಿಗೆ ಇದಕ್ಕಿಂತ ಅನುಕೂಲ ಬೇರೆ ಏನು ಬೇಕು?

ಇನ್ನು ನಾವು ಮಾಡುವುದನ್ನು ನೋಡೋಣ. ದಪ್ಪ ಬೀಜ ಬಿತ್ತನೆಗೆ, ಮಾರಾಟಕ್ಕೆ. ಆರಿಸಿ ಉಳಿದದ್ದು ಗಾಣಕ್ಕೆ ಅಥವಾ ಮಿಲ್ಲಿಗೆ. ಸುರುಟಿದ್ದು, ಕಪ್ಪಾದದ್ದು, ಒಡೆದದ್ದು, ಮುಗ್ಗಿದ್ದು ಎಲ್ಲ ಅದರಲ್ಲೇ ಸೇರುತ್ತದೆ. ವಿಷ ಇರುವುದು ಹೆಚ್ಚಾಗಿ ಇಂಥ ಬೀಜಗಳಲ್ಲೇ ಎಂದು ಸಂಶೋಧಕರು ಮತ್ತೆ ಮತ್ತೆ ತೋರಿಸಿದ್ದಾರೆ. ಒಂದು ಚೀಲದಲ್ಲಿ ಕೆಟ್ಟ ಬೀಜ ನಾಲ್ಕಾರು ಹಿಡಿಯಷ್ಟೇ ಇದ್ದರೂ ಚೀಲವನ್ನೆಲ್ಲ ಮಿತಿ ಮೀರಿಸಬಲ್ಲವು. ಗಾಣದಲ್ಲಿ ಎಣ್ಣೆ ಹೊರಗೆ ಬರುತ್ತದೆ, ವಿಷದ ಬಹುಪಾಲು ಹಿಂಡಿಯಲ್ಲೇ ನಿಲ್ಲುತ್ತದೆ. ಆ ಹಿಂಡಿ ಹಸುವಿಗೆ. ಹಸುವಿನ ಯಕೃತ್ತು ಅದನ್ನು ಸ್ವಲ್ಪ ಬದಲಾಯಿಸಿ ಎಂ-1 ಎಂಬ ರೂಪದಲ್ಲಿ ಕೆಚ್ಚಲಿಗೆ ಕಳುಹಿಸುತ್ತದೆ. ಬೇಡವೆಂದು ನಾವು ಬೇರೆ ಮಾಡಿದ್ದೇ ಬಿಳಿ ಹಾಲಾಗಿ ಮಗುವಿನ ಲೋಟಕ್ಕೆ ಬಂತು.

ಲೆಕ್ಕ ಹಾಕಿ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಒಂದು ಕಿಲೋ ಹಿಂಡಿಯಲ್ಲಿ 200 ಮೈಕ್ರೋಗ್ರಾಂ ವಿಷ ಇದೆ ಎಂದಿಟ್ಟುಕೊಳ್ಳಿ. (ಒಂದು ಗ್ರಾಮನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗವೇ ಮೈಕ್ರೋಗ್ರಾಂ.) ದಿನಕ್ಕೆ ಎರಡು ಕಿಲೋ ತಿಂದ ಹಸುವಿನ ಹೊಟ್ಟೆಗೆ 400 ಹೋಯಿತು. ಇದರಲ್ಲಿ ನೂರಕ್ಕೆ ಸುಮಾರು ಎರಡು ಭಾಗ ಹಾಲಿಗೆ ಬರುತ್ತದೆ, ಅಂದರೆ 8. ಹಸು ಎಂಟು ಲೀಟರ್ ಕರೆಯುತ್ತದೆ ಎಂದರೆ ಲೀಟರಿಗೆ ಒಂದು ಮೈಕ್ರೋಗ್ರಾಂ. ನಮ್ಮ ದೇಶದಲ್ಲಿ ಹಾಲಿಗೆ ಇಟ್ಟಿರುವ ಮಿತಿ ಕಿಲೋಗೆ ಅರ್ಧ ಮೈಕ್ರೋಗ್ರಾಂ. ದುಪ್ಪಟ್ಟಾಯಿತಲ್ಲವೇ? ಅದೇ ಹಸುವಿಗೆ ಭಾರತೀಯ ಮಾನಕ ಬ್ಯೂರೋ ಮಿಶ್ರ ಪಶು ಆಹಾರಕ್ಕೆ ಹೇಳಿರುವ 20 ಮೈಕ್ರೋಗ್ರಾಂ ಮಿತಿಯೊಳಗಿನ ಆಹಾರ ಕೊಟ್ಟರೆ ಹಾಲಿನಲ್ಲಿ ಲೀಟರಿಗೆ 0.1 ಮಾತ್ರ. ಯುರೋಪಿನ ದೇಶಗಳು ಹಾಲಿಗೆ 0.05 ಸಾಕು ಎನ್ನುತ್ತವೆ. ಅದು ಸದ್ಯಕ್ಕೆ ದೂರದ ಮಾತು, ಮೊದಲು ನಮ್ಮ ಮಿತಿಯನ್ನಾದರೂ ಮುಟ್ಟೋಣ. ಸಮಾಧಾನದ ಸಂಗತಿಯೂ ಒಂದಿದೆ. ಕೆಟ್ಟ ಹಿಂಡಿ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ. ಹಸುವನ್ನು ಮಾರಬೇಕಾಗಿಲ್ಲ, ಔಷಧಿಯೂ ಬೇಡ.

“ನಮ್ಮ ತಾತನ ಕಾಲದಿಂದ ಹಿಂಡಿ ಹಾಕುತ್ತಿದ್ದೇವೆ, ಯಾರಿಗೇನಾಯಿತು?” ಎಂದು ಹಿರಿಯರು ಕೇಳುವುದುಂಟು. ತಾತನ ಕಾಲದ ನಾಟಿ ಹಸು ಬಯಲಿನಲ್ಲಿ ಮೇಯುತ್ತಿತ್ತು, ಸಂಜೆ ಒಂದು ಹಿಡಿ ಹಿಂಡಿ ಸಿಕ್ಕರೆ ಹಬ್ಬ. ಈಗ ಕಟ್ಟಿ ಸಾಕುವ ಸೀಮೆಹಸುವಿಗೆ ದಿನಕ್ಕೆ ಕಿಲೋಗಟ್ಟಲೆ ಹಿಂಡಿ, ಬೂಸಾ, ಮೆಕ್ಕೆಜೋಳದ ನುಚ್ಚು. ಹಾಲೂ ಹೆಚ್ಚು, ಅದರ ಜೊತೆ ಬರುವುದೂ ಹೆಚ್ಚು.

ಆದರೂ ಎಲ್ಲ ಹೊರೆಯನ್ನೂ ಎರಡು ಹಸು ಸಾಕುವ ಹೆಂಗಸಿನ ತಲೆಗೆ ಕಟ್ಟುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಪಕ್ಕದ ನಾಮಕ್ಕಲ್ಲನ್ನು ನೋಡಿ. 1997ರವರೆಗೆ ಅದೂ ನಮ್ಮ ಸೇಲಂ ಜಿಲ್ಲೆಯೇ. ಅಲ್ಲಿಯ ಕೋಳಿ ಸಾಕಣೆಯವರಿಗೆ ಅಫ್ಲಾಟಾಕ್ಸಿನ್ ಎಂದರೆ ಹೊಸ ಹೆಸರಲ್ಲ. ಮೆಕ್ಕೆಜೋಳ, ಹಿಂಡಿಗಳನ್ನು ಪರೀಕ್ಷೆ ಮಾಡಿಸುವುದು ಅವರಿಗೆ ರೂಢಿ. ಅಲ್ಲಿಯ ಪಶುವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೆಂದೇ ಪಶು ಆಹಾರ ಪರೀಕ್ಷೆಯ ಪ್ರಯೋಗಾಲಯ ಇದೆ. ಅವರಿಗೇಕೆ ಅಷ್ಟು ಕಾಳಜಿ? ಕೆಟ್ಟ ಆಹಾರ ತಿಂದರೆ ಕೋಳಿ ಮೊಟ್ಟೆ ಕಡಿಮೆ ಮಾಡುತ್ತದೆ, ಸಾಯುತ್ತದೆ. ನಷ್ಟ ಅದೇ ವಾರ ಕಣ್ಣಿಗೆ ಕಾಣುತ್ತದೆ. ಹಸು ಹಾಗಲ್ಲ. ಸ್ವಲ್ಪ ವಿಷವಾದರೆ ಮೇವು ತಿನ್ನುತ್ತದೆ, ಹಾಲು ಕೊಡುತ್ತದೆ, ಏನೂ ತೋರಿಸುವುದಿಲ್ಲ. ಸೊಸೈಟಿಯಲ್ಲಿ ಕ್ಯಾನ್ ಇಳಿಸಿದಾಗ ಫ್ಯಾಟ್ ನೋಡುತ್ತಾರೆ, ಎಸ್‌ಎನ್‌ಎಫ್ ನೋಡುತ್ತಾರೆ, ಹಣ ಕೊಡುವುದು ಅದಕ್ಕೇ. ಶುದ್ಧವಾದ ಹಿಂಡಿ ಹೆಚ್ಚು ಬೆಲೆಗೆ ಕೊಂಡವಳಿಗೂ ಮುಗ್ಗಿದ ಹಿಂಡಿ ಅಗ್ಗಕ್ಕೆ ತಂದವಳಿಗೂ ಲೀಟರಿಗೆ ಒಂದೇ ದರ. ಹೀಗಿರುವಾಗ ಶುದ್ಧ ಹಾಲು ಕೊಡಿ ಎಂದು ಉಪದೇಶ ಮಾಡಿದರೆ ಯಾರು ಕೇಳುತ್ತಾರೆ?

ಆದ್ದರಿಂದ ಪರೀಕ್ಷೆ ನಡೆಯಬೇಕಾದದ್ದು ಹಿಂಡಿಯ ಮಿಲ್ಲಿನಲ್ಲಿ, ಪಶು ಆಹಾರದ ಕಾರ್ಖಾನೆಯಲ್ಲಿ. ಅಲ್ಲಿ ಒಂದು ಲೋಡು ತಡೆದರೆ ನೂರು ಕೊಟ್ಟಿಗೆ ಉಳಿಯುತ್ತದೆ. ಹಾಲಿನಲ್ಲಿ ವಿಷ ಕಂಡಾಗ ಸೊಸೈಟಿಯ ಹಾಲನ್ನು ತಿರಸ್ಕರಿಸಿ ಕೈತೊಳೆದುಕೊಳ್ಳದೆ, ಅದು ಯಾವ ಹಿಂಡಿಯಿಂದ ಬಂತೆಂದು ಹಿಂದಕ್ಕೆ ಹುಡುಕಿಕೊಂಡು ಹೋಗಬೇಕು. ದಂಡ ಬೀಳಬೇಕಾದದ್ದು ಮಾರಿದವನಿಗೆ.

ನಮ್ಮ ಕೈಯಲ್ಲಿರುವುದೂ ಇಲ್ಲದಿಲ್ಲ. ಬಿತ್ತಿದ ನಲವತ್ತು ದಿನಕ್ಕೆ ಮಣ್ಣು ಏರಿಸುವಾಗ ಎಕರೆಗೆ 160 ಕಿಲೋ ಜಿಪ್ಸಂ ಹಾಕಬೇಕೆಂದು ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಹೇಳುತ್ತದೆ. ಇಳುವರಿಗೆಂದು ಹೇಳುವ ಮಾತದು. ಸುಣ್ಣದ ಅಂಶದಿಂದ ಸಿಪ್ಪೆ ಗಟ್ಟಿಯಾಗಿ ಬೂಷ್ಟಿಗೆ ಒಳಹೋಗುವುದು ಕಷ್ಟವಾಗುತ್ತದೆ ಎಂಬುದು ಹೆಚ್ಚಿನ ಲಾಭ. ಕೀಳುವಾಗ ಗುದ್ದಲಿ ತಾಗಿ ಒಡೆದ ಕಾಯಿಯನ್ನು ಅಲ್ಲೇ ಬೇರೆ ಮಾಡಿ. ಕಿತ್ತ ಗಿಡವನ್ನು ರಾಶಿ ಹಾಕದೆ ಕಾಯಿ ಮೇಲೆ ಬರುವಂತೆ ಮಗುಚಿಟ್ಟರೆ ಗಾಳಿಯಲ್ಲೇ ಅರ್ಧ ಒಣಗುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಬೀಜ ಗಲಗಲ ಎನ್ನಬೇಕು; ಅಲ್ಲಿಯವರೆಗೆ ಚೀಲ ತುಂಬಬೇಡಿ. ಚೀಲವನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡಿ. ಸಿಪ್ಪೆ ಸುಲಿಯಲು ಸುಲಭವಾಗಲೆಂದು ಕಾಯಿಗೆ ನೀರು ಚಿಮುಕಿಸುವ ಅಭ್ಯಾಸವನ್ನಂತೂ ಪೂರ್ತಿ ಬಿಡಬೇಕು. ತಿಂಗಳುಗಟ್ಟಲೆ ಒಣಗಿಸಿದ್ದು ಒಂದು ರಾತ್ರಿಯಲ್ಲಿ ಹಾಳು.

ಆರಿಸಿ ತೆಗೆದ ಕೆಟ್ಟ ಬೀಜವನ್ನು ಹಸುವಿಗೂ ಹಾಕಬೇಡಿ, ಕೋಳಿಗೂ ಹಾಕಬೇಡಿ, ಚಟ್ನಿಗಂತೂ ಬೇಡವೇ ಬೇಡ. ಹುರಿದರೆ ವಿಷ ಸ್ವಲ್ಪ ಇಳಿಯಬಹುದು, ಹೋಗುವುದಿಲ್ಲ. ತಿನ್ನುವಾಗ ಒಂದು ಬೀಜ ಕಹಿ ಎನಿಸಿದರೆ ಉಗಿಯುವುದು ನಮ್ಮ ಹಳೆಯ ರೂಢಿ. ಮಕ್ಕಳಿಗೂ ಅದನ್ನು ಕಲಿಸಿ. ಇದೆಲ್ಲ ದಂಡವಾಯಿತಲ್ಲ ಎಂದು ಹೊಟ್ಟೆ ಉರಿಯುವುದು ಸಹಜ, ಬೆವರು ಸುರಿಸಿ ಬೆಳೆದದ್ದು. ಆದರೆ ಅದು ಚೀಲಕ್ಕೆ ಒಂದೆರಡು ಸೇರಿನ ಮಾತು.

ಗಾಣದ ಎಣ್ಣೆಯ ಬಗ್ಗೆ ಕೆಲವರು ಕೇಳುತ್ತಾರೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲೇ ಬಿಸಿಲಿಗೆ ಇಟ್ಟರೆ ಕಡಲೆಕಾಯಿ ಎಣ್ಣೆಯಲ್ಲಿರುವ ಈ ವಿಷ ನಾಶವಾಗುತ್ತದೆ ಎಂದು ಪ್ರಯೋಗ ಮಾಡಿ ತೋರಿಸಿದರು. ಆದರೆ ಹಿಂಡಿಯಲ್ಲಿ ಸೂರ್ಯನ ಆಟ ಅಷ್ಟು ನಡೆಯುವುದಿಲ್ಲ. ಬೆಳಕು ಒಳಗೆ ಹೋಗದು. ಎಣ್ಣೆಯನ್ನು ಬಿಸಿಲಿನಲ್ಲಿಟ್ಟರೆ ಕಮಟು ವಾಸನೆ ಹಿಡಿಯುತ್ತದೆ ಎಂಬುದೂ ತಿಳಿದಿರಲಿ. ಗಾಣಕ್ಕೆ ಹಾಕುವ ಮೊದಲು ಬೀಜ ಆರಿಸುವುದೇ ಲೇಸು.

ಪರೀಕ್ಷೆ ಮಾಡಿಸಬೇಕೆಂದರೆ ಒಬ್ಬೊಬ್ಬರೇ ಓಡಾಡಬೇಕಾಗಿಲ್ಲ. ಒಂದೇ ಮಿಲ್ಲಿನಿಂದ ಹಿಂಡಿ ತರುವ ಮನೆಗಳು ಸೇರಿ ಲೋಡಿಗೆ ಒಂದು ಪರೀಕ್ಷೆ ಮಾಡಿಸಿದರೆ ಖರ್ಚು ಹಂಚಿಹೋಗುತ್ತದೆ. ಮಾದರಿಯನ್ನು ಒಂದೇ ಚೀಲದ ಬಾಯಿಂದ ತೆಗೆಯಬೇಡಿ. ವಿಷ ಎಲ್ಲ ಕಡೆ ಸಮನಾಗಿ ಇರುವುದಿಲ್ಲ. ಪ್ರತಿ ಚೀಲದ ಮೇಲೆ, ನಡುವೆ, ಅಡಿಯಿಂದ ಒಂದೊಂದು ಹಿಡಿ ತೆಗೆದು, ಪುಡಿ ಮಾಡಿ ಕಲಸಿ, ಅದರಿಂದ ಒಂದು ಕಿಲೋ ಕಳುಹಿಸಬೇಕು. ಹೊಸ ಹಿಂಡಿ ಬರುವುದು ಕಟಾವಿನ ನಂತರ. ಅದಕ್ಕೆ ಮೊದಲು ನಡೆಯುವ ಹಾಲಿನ ಸೊಸೈಟಿಯ ಸಭೆಯಲ್ಲಿ, ಈ ಸಲ ಹಿಂಡಿಯ ಪರೀಕ್ಷೆ ಮಾಡಿಸುವವರು ಯಾರು, ಹಣ ಯಾವ ಲೆಕ್ಕದಿಂದ ಎಂದು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿಕೊಳ್ಳಿ.